ಸದ್ದಿಗೆ ಸದ್ದು ಕೂಡಿದರೆ ಸೊನ್ನೆ

ನಿಮ್ಮ ಸ್ಟೀರಿಯೊ ಸೆಟ್ಟಿನ ಯಾವುದಾದರೂ ಒಂದು ಸ್ಪೀಕರಿನ ಹಿಂಬದಿ ನೋಡಿ. ಕೆಂಪು ಒಂದು, ಕಪ್ಪು ಒಂದು, ಹೀಗೆ ಎರಡು ಟರ್ಮಿನಲ್‌ಗಳಿರುತ್ತವೆ. ಆಂಪ್ಲಿಫೈಯರ್ ಆರಿಸಿ, ಆ ಎರಡು ತಂತಿಗಳನ್ನು ಅದಲುಬದಲು ಮಾಡಿ ಸಿಕ್ಕಿಸಿ. ಇನ್ನೊಂದು ಸ್ಪೀಕರನ್ನು ಮುಟ್ಟಬೇಡಿ. ಈಗ ಕೇಳುತ್ತಿದ್ದ ಹಾಡನ್ನೇ ಮತ್ತೆ ಹಾಕಿ. ಏನೂ ಸುಟ್ಟಿಲ್ಲ, ಏನೂ ಕಡಿದಿಲ್ಲ, ಎರಡೂ ಸ್ಪೀಕರುಗಳು ಮೊದಲಿನಷ್ಟೇ ದುಡಿಯುತ್ತಿವೆ. ಆದರೆ ಮೃದಂಗದ ಗುಮ್ಕಿ ಮಾಯವಾಗಿದೆ. ಎರಡು ಸ್ಪೀಕರುಗಳ ನಡುವೆ ಗಟ್ಟಿಯಾಗಿ ನಿಂತು ಹಾಡುತ್ತಿದ್ದ ಗಾಯಕ ಈಗ ಎಲ್ಲಿದ್ದಾನೆಂದೇ ತಿಳಿಯುವುದಿಲ್ಲ. ದನಿ ತೆಳ್ಳಗಾಗಿದೆ.

ನಡೆದದ್ದು ಇಷ್ಟೇ. ಒಂದು ಸ್ಪೀಕರಿನ ಶಂಕು ಮುಂದಕ್ಕೆ ಬಂದು ಗಾಳಿಯನ್ನು ಒತ್ತುವ ಹೊತ್ತಿಗೆ ಇನ್ನೊಂದರ ಶಂಕು ಹಿಂದಕ್ಕೆ ಸರಿದು ಗಾಳಿಯನ್ನು ಎಳೆದುಕೊಳ್ಳುತ್ತಿದೆ. ಒತ್ತಡಕ್ಕೆ ಎಳೆತ ಕೂಡಿದರೆ ಉಳಿಯುವುದು ಸೊನ್ನೆ. ಎರಡೂ ಒಟ್ಟಿಗೆ ಒತ್ತಿದ್ದರೆ ಒತ್ತಡ ಇಮ್ಮಡಿಯಾಗಿ, ಒಂದೇ ಸ್ಪೀಕರಿನ ಸದ್ದಿಗಿಂತ 6 ಡೆಸಿಬೆಲ್ ಹೆಚ್ಚು ಬೇಸ್ ಸಿಗುತ್ತಿತ್ತು. ಭೌತವಿಜ್ಞಾನ ಇದನ್ನು ವ್ಯತಿಕರಣ ಎನ್ನುತ್ತದೆ.

ಹಾಗಾದರೆ ಇಡೀ ಹಾಡೇ ಏಕೆ ಅಳಿಸಿಹೋಗಲಿಲ್ಲ? ಉತ್ತರ ಅಲೆಯ ಉದ್ದದಲ್ಲಿದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. 50 ಹರ್ಟ್ಸ್‌ನ ಒಂದು ಅಲೆ ಸುಮಾರು 7 ಮೀಟರ್ ಉದ್ದವಿರುತ್ತದೆ. 5,000 ಹರ್ಟ್ಸ್‌ನ ಅಲೆ 7 ಸೆಂಟಿಮೀಟರ್ ಕೂಡ ಇರುವುದಿಲ್ಲ. ಎರಡು ಮೀಟರ್ ದೂರದಲ್ಲಿರುವ ಎರಡು ಸ್ಪೀಕರುಗಳು ಏಳು ಮೀಟರಿನ ಅಲೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿವೆ. ಹಾಗಾಗಿ ಕೋಣೆಯ ಎಲ್ಲಿ ಕೂತರೂ ಬೇಸ್ ಅಲೆಗಳು ಎದುರುಬದುರಾಗಿಯೇ ಬಂದು ಒಂದನ್ನೊಂದು ಅಳಿಸುತ್ತವೆ. ಟ್ರೆಬಲ್‌ನ ಪುಟ್ಟ ಅಲೆಗಳಿಗೆ ಆ ಶಿಸ್ತಿಲ್ಲ. ನೀವು ತಲೆಯನ್ನು ಮೂರು ಬೆರಳಷ್ಟು ಸರಿಸಿದರೆ ಕಳೆಯುತ್ತಿದ್ದದ್ದು ಕೂಡುತ್ತದೆ, ಕೂಡುತ್ತಿದ್ದದ್ದು ಕಳೆಯುತ್ತದೆ. ಸರಾಸರಿಯಲ್ಲಿ ಅದು ಉಳಿದುಕೊಳ್ಳುತ್ತದೆ.

ತೆಳು ಸದ್ದಿನ ಬಹುಪಾಲು ದೂರುಗಳಿಗೆ ಈ ಪುಟ್ಟ ಪ್ರಯೋಗದಲ್ಲೇ ಸುಳಿವಿದೆ. ಬೇಸ್ ಹುಟ್ಟಿರುತ್ತದೆ, ಸ್ಪೀಕರಿನಿಂದ ಕಿವಿಗೆ ಬರುವ ದಾರಿಯಲ್ಲಿ ಎಲ್ಲೋ ಕಳೆದುಹೋಗಿರುತ್ತದೆ. ಇನ್ನೂ ದೊಡ್ಡ ಆಂಪ್ಲಿಫೈಯರ್ ತಂದರೆ ಕೂಡುವ ಅಲೆಯೂ ಕಳೆಯುವ ಅಲೆಯೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆದ್ದರಿಂದ ದುರಸ್ತಿಯ ಮೊದಲ ಕೆಲಸ ಕಳೆತ ಎಲ್ಲಿ ಆಗುತ್ತಿದೆ ಎಂದು ಹುಡುಕುವುದು.

ಮಿದುಳು ಮುಚ್ಚಿಡುವ ಕೊರತೆ

ಈ ಹುಡುಕಾಟಕ್ಕೆ ಒಂದು ತೊಡಕಿದೆ. ಬೇಸ್ ಇಲ್ಲವೆಂಬುದು ನಮಗೆ ನೇರವಾಗಿ ಗೊತ್ತಾಗುವುದೇ ಇಲ್ಲ. ಹಳೆಯ ದೂರವಾಣಿ ಜಾಲ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಸಾಗಿಸುತ್ತಿತ್ತು. ಗಂಡಸರ ಮಾತಿನ ಮೂಲ ಕಂಪನ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್ ಆಸುಪಾಸಿನದು. ಅಂದರೆ ಆ ಮೂಲವೇ ತಂತಿಯಲ್ಲಿ ಹರಿಯುತ್ತಿರಲಿಲ್ಲ. ಆದರೂ ಅಪ್ಪನ ದನಿ ಅಮ್ಮನ ದನಿಯಾಗಿ ಯಾರಿಗೂ ಕೇಳಿಸಲಿಲ್ಲ. 360, 480, 600 ಹರ್ಟ್ಸ್‌ನ ಉಪಸ್ವರಗಳು ಕಿವಿಗೆ ಬಿದ್ದರೆ ಸಾಕು, ಇವುಗಳ ಮೂಲ 120 ಇರಬೇಕೆಂದು ಮಿದುಳು ತಾನೇ ಲೆಕ್ಕ ಹಾಕಿ ಆ ಶ್ರುತಿಯನ್ನು ಕೇಳಿಸಿಬಿಡುತ್ತದೆ.

ನಮ್ಮ ಮೃದಂಗ ಈ ಸಂಗತಿಗೆ ಒಳ್ಳೆಯ ಉದಾಹರಣೆ. ಮಾಮೂಲಿ ಚರ್ಮವಾದ್ಯದ ಉಪಸ್ವರಗಳು ಅಡ್ಡಾದಿಡ್ಡಿಯಾಗಿರುತ್ತವೆ. ಮೃದಂಗದ ಬಲಮುಖದ ನಡುವೆ ಹಚ್ಚುವ ಕಪ್ಪು ಕರಣೆ ಅವುಗಳನ್ನು ಮೂಲದ ಎರಡರಷ್ಟು, ಮೂರರಷ್ಟು ಎಂಬ ಕ್ರಮಕ್ಕೆ ತಂದು ನಿಲ್ಲಿಸುತ್ತದೆ. ಸಿ.ವಿ. ರಾಮನ್ 1920ರಲ್ಲೇ ಇದನ್ನು ಗುರುತಿಸಿ ಬರೆದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1934ರಲ್ಲಿ, ಮತ್ತಷ್ಟು ವಿವರವಾಗಿ ಪ್ರಕಟಿಸಿದರು. ಉಪಸ್ವರಗಳು ಹೀಗೆ ಸಾಲಾಗಿ ನಿಂತಿರುವುದರಿಂದಲೇ ಮೊಬೈಲಿನ ಚಿಕ್ಕ ಸ್ಪೀಕರಿನಲ್ಲೂ ಬಲಮುಖದ ಶ್ರುತಿ ಸ್ಪಷ್ಟವಾಗಿ ಸಿಗುತ್ತದೆ. ರವೆಯ ಕಣಕ ಮೆತ್ತಿದ ಎಡಮುಖದ ಸದ್ದು ಮಾತ್ರ ಅಲ್ಲಿ ಬರೀ ‘ಟಪ್’ ಎನ್ನುತ್ತದೆ.

ಹೀಗಾಗಿ ಕೇಳುಗನಿಗೆ ಹಾಡು ಪೂರ್ತಿ ಕೇಳಿಸುತ್ತಿರುತ್ತದೆ. ಯಾವ ಸ್ವರವೂ ತಪ್ಪಿಲ್ಲ, ಯಾವ ಅಕ್ಷರವೂ ನುಂಗಿಹೋಗಿಲ್ಲ. ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ. ಪರೀಕ್ಷೆಗೆ ಹಾಡಿನ ಬದಲು ತಂಬೂರಿಯನ್ನು ಬಳಸಿ ನೋಡಿ. ಗಂಡು ದನಿಯ ಗಾಯಕರ ತಂಬೂರಿಯಲ್ಲಿ ಖರ್ಜದ ತಂತಿ ಸುಮಾರು 65ರಿಂದ 70 ಹರ್ಟ್ಸ್‌ಗೆ ಕಂಪಿಸುತ್ತದೆ. ನಾಲ್ಕು ಮೀಟಿನಲ್ಲಿ ಕೊನೆಯದು ನೆಲ ಹಿಡಿದಂತೆ ತುಂಬಿಕೊಂಡು ಬರಬೇಕು. ಉಳಿದ ಮೂರಕ್ಕಿಂತ ಅದು ಬಡವಾಗಿ ಕೇಳಿಸಿದರೆ ನಿಮ್ಮ ಅನುಮಾನ ನಿಜ.

ತಂತಿ, ಪೆಟ್ಟಿಗೆ, ಮೆನು

ಮೊದಲು ಕಾಸಿನ ಖರ್ಚಿಲ್ಲದ ತಪಾಸಣೆಗಳು. ಸ್ಪೀಕರ್ ತಂತಿಯ ಎರಡು ಎಳೆಗಳಲ್ಲಿ ಒಂದರ ಮೇಲೆ ಗೆರೆಯೋ ಉಬ್ಬೋ ಇರುತ್ತದೆ, ಇಲ್ಲವೇ ಒಂದು ತಾಮ್ರದ ಬಣ್ಣ, ಇನ್ನೊಂದು ಬೆಳ್ಳಿಯ ಬಣ್ಣದ್ದಾಗಿರುತ್ತದೆ. ಗುರುತಿನ ಎಳೆ ಎರಡೂ ತುದಿಗಳಲ್ಲಿ ಕೆಂಪಿಗೇ ಹೋಗಿದೆಯೇ ನೋಡಿ. ಪೆಟ್ಟಿಗೆಯ ಒಳಗಿನ ಜೋಡಣೆಯೇ ಹಿಂದುಮುಂದಾಗಿದೆ ಎಂಬ ಅನುಮಾನವಿದ್ದರೆ ತಂತಿಯನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ. ಸೆಲ್ಲಿನ ಪ್ಲಸ್ ತುದಿ ಕೆಂಪಿಗೆ ತಾಗಿದಾಗ ಎರಡೂ ವೂಫರುಗಳು ಒಂದೇ ದಿಕ್ಕಿಗೆ ಜಿಗಿಯಬೇಕು. ಸಾಮಾನ್ಯವಾಗಿ ಅದು ಹೊರದಿಕ್ಕು.

ಎರಡನೆಯ ಕಳೆತ ಸ್ಪೀಕರಿನಲ್ಲೇ ಹುಟ್ಟಿಬಂದದ್ದು. ಶಂಕು ಮುಂದಕ್ಕೆ ಗಾಳಿ ಒತ್ತುವಾಗ ಅದರ ಬೆನ್ನು ಗಾಳಿಯನ್ನು ಎಳೆಯುತ್ತಲೇ ಇರುತ್ತದೆ. ಬೇಸ್ ಅಲೆ ಉದ್ದವಾದ್ದರಿಂದ ಅಂಚು ಬಳಸಿಕೊಂಡು ಹಿಂದಿನದು ಮುಂದಿನದನ್ನು ಅಳಿಸುತ್ತದೆ. ಬಿಚ್ಚಿಟ್ಟ ವೂಫರ್ ಕೀರಲಾಗಿ ಕೇಳುವುದು ಇದರಿಂದಲೇ. ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಇಂದಿನ ಮಾದರಿಯ ಸ್ಪೀಕರನ್ನು ವಿವರಿಸಿದಾಗ, ಶಂಕಿನ ಹಿಂದುಮುಂದನ್ನು ಬೇರ್ಪಡಿಸುವ ಹಲಗೆಯನ್ನೂ ಸೇರಿಸಬೇಕಾಯಿತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಪುಟ್ಟ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಶಂಕಿನ ಸ್ಪ್ರಿಂಗಾಗಿ ದುಡಿಸಿಕೊಂಡರು. ಎಆರ್-1 ಎಂಬ ಆ ಸ್ಪೀಕರ್ ಬಂದಮೇಲೆ ಬೀರುವಿನ ಗಾತ್ರದ ಪೆಟ್ಟಿಗೆಯಿಲ್ಲದೆಯೂ ಆಳವಾದ ಬೇಸ್ ಸಾಧ್ಯವೆಂದು ಜಗತ್ತಿಗೆ ತಿಳಿಯಿತು.

ಹಾಗೆ ಮುಚ್ಚಿದ ಪೆಟ್ಟಿಗೆಗೆ ಬಿರುಕು ಬಿದ್ದರೆ ಹಳೆಯ ಕಳೆತ ಮರಳುತ್ತದೆ. ಹಳೆಯ ಸೆಟ್ಟುಗಳಲ್ಲಿ ಶಂಕಿನ ಸುತ್ತ ಇರುವ ಫೋಮಿನ ಉಂಗುರವನ್ನು ಹತ್ತಿರದಿಂದ ನೋಡಿ. ಪಾಲಿಯುರಿಥೇನ್ ಫೋಮ್ ಗಾಳಿಯ ತೇವ ಹೀರಿ ಕೆಲವು ದಶಕಗಳೊಳಗೆ ಪುಡಿಯಾಗುತ್ತದೆ. ಕರಾವಳಿಯ ಸೆಖೆಯಲ್ಲಿ ಇನ್ನೂ ಬೇಗ. ಬೆರಳು ತಾಕಿದರೆ ಉದುರುವಂತಿದ್ದರೆ ಉಂಗುರವನ್ನಷ್ಟೇ ಬದಲಿಸಬಹುದು, ಸ್ಪೀಕರನ್ನು ಗುಜರಿಗೆ ಹಾಕಬೇಕಿಲ್ಲ.

ಮೂರನೆಯದು ಹೋಂ ಥಿಯೇಟರ್ ರಿಸೀವರಿನ ಮೆನುವಿನಲ್ಲಿ ಅಡಗಿರುತ್ತದೆ. ಸ್ಪೀಕರ್ ಗಾತ್ರ ‘ಸ್ಮಾಲ್’ ಎಂದೂ ಸಬ್‌ವೂಫರ್ ‘ಯೆಸ್’ ಎಂದೂ ಇದ್ದರೆ, ಯಂತ್ರ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಸಬ್‌ವೂಫರಿನ ಪಾಲಿಗೆ ಎತ್ತಿಡುತ್ತದೆ. ಮನೆಯಲ್ಲಿ ಸಬ್‌ವೂಫರೇ ಇಲ್ಲದಿದ್ದರೆ ಆ ಬೇಸ್ ಯಾರಿಗೂ ಸಿಗುವುದಿಲ್ಲ.

ನಾಲ್ಕನೆಯದು ಎಲ್‌ಪಿ ಪ್ರಿಯರಿಗೆ. ತಟ್ಟೆಯ ಗೀರಿನಲ್ಲಿ ಬೇಸನ್ನು ಇದ್ದಂತೆಯೇ ಕೆತ್ತಿದರೆ ಗೀರು ಅಗಲಕ್ಕೆ ತೂಗಾಡಿ ಪಕ್ಕದ ಗೀರಿಗೆ ನುಗ್ಗುತ್ತದೆ. ಅದಕ್ಕಾಗಿ ಕೆತ್ತುವಾಗ ಬೇಸನ್ನು ಇಳಿಸುತ್ತಾರೆ. ತಟ್ಟೆಯ ಮೇಲ್ಮೈಯ ಸರಸರ ಸದ್ದನ್ನು ಮೀರಲು ಟ್ರೆಬಲನ್ನು ಏರಿಸುತ್ತಾರೆ. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮ ಒಪ್ಪಿಕೊಂಡ ಆರ್‌ಐಎಎ ವಕ್ರರೇಖೆಯ ಪ್ರಕಾರ 20 ಹರ್ಟ್ಸ್ ಬಳಿ ಇಳಿಕೆ ಸುಮಾರು 19 ಡೆಸಿಬೆಲ್, 20,000 ಹರ್ಟ್ಸ್ ಬಳಿ ಏರಿಕೆ ಸುಮಾರು 20 ಡೆಸಿಬೆಲ್. ನುಡಿಸುವಾಗ ಇದನ್ನು ತಿರುವುಮುರುವಾಗಿಸಿ ಸರಿದೂಗಿಸುವುದು ಫೋನೊ ಪ್ರೀಆಂಪ್ಲಿಫೈಯರಿನ ಕೆಲಸ. ಅದಿಲ್ಲದೆ ಟರ್ನ್‌ಟೇಬಲ್ಲನ್ನು ನೇರ ‘ಆಕ್ಸ್’ ಕಿಂಡಿಗೆ ಸಿಕ್ಕಿಸಿದರೆ ತಗಡಿನಂಥ ಕ್ಷೀಣ ಸದ್ದು ಬರುತ್ತದೆ. ಸೂಜಿಯ ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟ್, ಸಿಡಿ ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್. ಹೀಗಾಗಿ ಸದ್ದು ತೆಳು ಮಾತ್ರವಲ್ಲ, ಸಣ್ಣದೂ ಆಗಿರುತ್ತದೆ.

ಗೋಡೆ ಹಿಂತಿರುಗಿಸುವ ಅಲೆ

ತಂತಿ ಸರಿ, ಪೆಟ್ಟಿಗೆ ಸರಿ, ಮೆನು ಸರಿ. ಸದ್ದು ಇನ್ನೂ ತೆಳುವಾಗಿದ್ದರೆ ತಪ್ಪು ಕೋಣೆಯದು.

ಬೇಸ್ ಅಲೆಗಳು ಸ್ಪೀಕರಿನಿಂದ ಎಲ್ಲ ದಿಕ್ಕಿಗೂ ಹರಡುತ್ತವೆ. ಹಿಂದೆ ಹೋದದ್ದು ಗೋಡೆಗೆ ಬಡಿದು ಹಿಂತಿರುಗಿ, ಮುಂದೆ ಹೋಗುತ್ತಿರುವ ಅಲೆಯ ಜತೆ ಸೇರುತ್ತದೆ. ಶಂಕಿಗೂ ಹಿಂಗೋಡೆಗೂ ಒಂದು ಮೀಟರ್ ಅಂತರವಿದೆ ಎನ್ನಿ. ಗೋಡೆಗೆ ಹೋಗಿ ಬರುವ ಅಲೆ ಎರಡು ಮೀಟರ್ ಹೆಚ್ಚು ದಾರಿ ನಡೆದಿರುತ್ತದೆ. ನಾಲ್ಕು ಮೀಟರ್ ಉದ್ದದ ಅಲೆಗೆ, ಅಂದರೆ 86 ಹರ್ಟ್ಸ್‌ಗೆ, ಅದು ಸರಿಯಾಗಿ ಅರ್ಧ ಅಲೆ. ಒತ್ತಡಕ್ಕೆ ಎಳೆತ ಎದುರಾಯಿತು. ಅಂತರ 60 ಸೆಂಟಿಮೀಟರ್ ಆದರೆ ಕಳೆತ 143 ಹರ್ಟ್ಸ್‌ಗೆ ಏರುತ್ತದೆ, ಗಂಡು ದನಿಯ ಮೈಕಟ್ಟು ಇರುವ ಜಾಗಕ್ಕೇ. ಸೂತ್ರ ಸರಳ: 344ನ್ನು ಅಂತರದ ನಾಲ್ಕರಷ್ಟರಿಂದ ಭಾಗಿಸಿ. ಅಮೆರಿಕದ ರಾಯ್ ಆಲಿಸನ್ 1974ರಲ್ಲಿ ಗೋಡೆ, ನೆಲಗಳ ಈ ಪರಿಣಾಮವನ್ನು ವಿವರವಾಗಿ ಲೆಕ್ಕಹಾಕಿ ಪ್ರಕಟಿಸಿದರು. ಸ್ಪೀಕರಿನಿಂದ ಪಕ್ಕದ ಗೋಡೆಗೂ ಹಿಂದಿನ ಗೋಡೆಗೂ ನೆಲಕ್ಕೂ ಒಂದೇ ಅಂತರವಿದ್ದರೆ ಮೂರೂ ಕಳೆತಗಳು ಒಂದೇ ಆವರ್ತನದಲ್ಲಿ ಬಿದ್ದು ಅಲ್ಲಿ ಗುಂಡಿ ತೋಡುತ್ತವೆ. ಮೂರು ಅಂತರಗಳನ್ನು ಬೇರೆಬೇರೆ ಮಾಡುವುದೇ ಪರಿಹಾರ.

ಸ್ಪೀಕರನ್ನು ಗೋಡೆಗೆ ತೀರ ಹತ್ತಿರ ಸರಿಸಿದರೆ? ಕಳೆತದ ಆವರ್ತನ ಮೇಲೆ ಮೇಲೆ ಹೋಗುತ್ತದೆ. ಅಷ್ಟು ಎತ್ತರದ ಸ್ವರಗಳನ್ನು ಸ್ಪೀಕರ್ ಮುಂದಕ್ಕೇ ಎಸೆಯುವುದರಿಂದ ಹಿಂಗೋಡೆಗೆ ತಲುಪುವುದು ಕಡಿಮೆ. ಕೆಳಗಿನ ಸ್ವರಗಳಿಗೆ ಗೋಡೆಯ ಪ್ರತಿಫಲನ ಈಗ ಕಳೆಯುವ ಬದಲು ಕೂಡುತ್ತದೆ. ಕೋಣೆಯ ನಡುವೆ ಚೆಂದಕ್ಕೆಂದು ನಿಲ್ಲಿಸಿದ ಪುಟ್ಟ ಸ್ಪೀಕರನ್ನು ಗೋಡೆಗೆ ಒಂದು ಗೇಣು ದೂರಕ್ಕೆ ಒಯ್ದರೆ ಅದಕ್ಕೆ ಮೈ ತುಂಬುವುದು ಹೀಗೆ. ಮೂಲೆಗೆ ಒಯ್ದರೆ ಇನ್ನೂ ಹೆಚ್ಚು. ಆದರೆ ಅಲ್ಲಿ ಗುಂಯ್‌ಗುಡುವ ಅಪಾಯವಿದೆ.

ಇನ್ನು ನೀವು ಕೂರುವ ಜಾಗ. ಎದುರುಬದುರು ಗೋಡೆಗಳ ನಡುವೆ ಅಲೆ ಹೋಗಿ ಬಂದು ಸ್ಥಾಯಿ ಅಲೆಯಾಗಿ ನಿಲ್ಲುತ್ತದೆ. ನೀರು ತುಂಬಿದ ಪರಾತವನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸಿ ನೋಡಿ. ಎರಡು ಅಂಚಿನಲ್ಲಿ ನೀರು ಏರಿಳಿಯುತ್ತದೆ, ನಟ್ಟನಡುವಿನ ಗೆರೆಯಲ್ಲಿ ಮಟ್ಟ ಕದಲುವುದಿಲ್ಲ. ಕೋಣೆಯ ಗಾಳಿಯ ಒತ್ತಡವೂ ಹಾಗೆಯೇ. 12 ಅಡಿ ಉದ್ದದ ಕೋಣೆಯಲ್ಲಿ ಇಂಥ ಮೊದಲ ಅಲೆ 47 ಹರ್ಟ್ಸ್‌ನದು, 10 ಅಡಿಯ ದಿಕ್ಕಿನಲ್ಲಿ 56 ಹರ್ಟ್ಸ್‌ನದು. ಕೋಣೆಯ ನಟ್ಟನಡುವೆ ಕುರ್ಚಿ ಹಾಕಿ ಕೂತವರಿಗೆ ಈ ಎರಡು ಸ್ವರಗಳೂ ಹೆಚ್ಚುಕಡಿಮೆ ಇಲ್ಲ. ಗೋಡೆಗೆ ಒರಗಿ ಕೂತವರಿಗೆ ಅವೇ ಅತಿಯಾಗಿ ಗುಮ್ಮೆನ್ನುತ್ತವೆ. ಉದ್ದ, ಅಗಲ, ಎತ್ತರ ಮೂರೂ 10 ಅಡಿಯಿರುವ ಚೌಕದ ಕೋಣೆ ಎಲ್ಲಕ್ಕಿಂತ ಕೆಟ್ಟದ್ದು; ಮೂರು ದಿಕ್ಕಿನ ಅಲೆಗಳೂ ಒಂದೇ ಸ್ವರದಲ್ಲಿ ನಿಲ್ಲುತ್ತವೆ.

ವಿದೇಶಿ ಹೈ-ಫೈ ಪತ್ರಿಕೆಗಳ ಸಲಹೆಯನ್ನು ಇಲ್ಲಿ ಕೊಂಚ ಎಚ್ಚರದಿಂದ ಓದಬೇಕು. ಅಮೆರಿಕದ ಮನೆಗಳಲ್ಲಿ ಮರದ ಚೌಕಟ್ಟಿಗೆ ತೆಳು ಹಲಗೆ ಬಡಿದ ಗೋಡೆಗಳೇ ಹೆಚ್ಚು. ಅವು ಬೇಸ್‌ಗೆ ತುಸು ಬಾಗುತ್ತವೆ, ಅಷ್ಟಿಷ್ಟನ್ನು ನುಂಗುತ್ತವೆ, ಅಷ್ಟಿಷ್ಟನ್ನು ಆಚೆಗೆ ಬಿಡುತ್ತವೆ. ನಮ್ಮ ಇಟ್ಟಿಗೆ, ಸಿಮೆಂಟು, ಆರ್‌ಸಿಸಿ ಯಾವುದೂ ಬಾಗುವುದಿಲ್ಲ. ಹಿಂತಿರುಗುವ ಅಲೆ ಹೋದ ಅಲೆಯಷ್ಟೇ ಬಲವಾಗಿರುತ್ತದೆ, ಹಾಗಾಗಿ ಕೂಡುವ ಜಾಗದಲ್ಲಿ ದಿಬ್ಬ ಇನ್ನೂ ಎತ್ತರ, ಕಳೆಯುವ ಜಾಗದಲ್ಲಿ ಗುಂಡಿ ಇನ್ನೂ ಆಳ. ಒಳ್ಳೆಯ ಸುದ್ದಿಯೆಂದರೆ ಕುರ್ಚಿಯನ್ನು ಎರಡಡಿ ಸರಿಸಿದರೆ ಸಿಗುವ ವ್ಯತ್ಯಾಸವೂ ನಮ್ಮಲ್ಲೇ ದೊಡ್ಡದು.

ಸರಿಯಾದ ಜಾಗ ಹುಡುಕಲು ಒಂದು ಉಪಾಯವಿದೆ. ಸದ್ದಿನ ಮೂಲವನ್ನೂ ಕೇಳುಗನನ್ನೂ ಅದಲುಬದಲು ಮಾಡಿದರೂ ನಡುವಿನ ದಾರಿ ಬದಲಾಗದು ಎಂದು 19ನೇ ಶತಮಾನದಲ್ಲೇ ಲಾರ್ಡ್ ರೇಲಿ ಗಣಿತದಿಂದ ತೋರಿಸಿದ್ದರು. ಆದ್ದರಿಂದ ಸ್ಪೀಕರನ್ನು ನಿಮ್ಮ ಕುರ್ಚಿಯ ಮೇಲಿಟ್ಟು ತಂಬೂರಿಯನ್ನೋ ಬೇಸ್ ಗಿಟಾರನ್ನೋ ಹಾಕಿ; ಸ್ಪೀಕರ್ ಇಡಬಹುದಾದ ಜಾಗಗಳಲ್ಲಿ ಅದರ ಎತ್ತರಕ್ಕೆ ಕಿವಿಯೊಡ್ಡುತ್ತ ಸಾಗಿ. ಎಲ್ಲಿ ಎಲ್ಲ ಸ್ವರಗಳೂ ಸಮವಾಗಿ, ತುಂಬಿ ಕೇಳುತ್ತವೋ ಅಲ್ಲಿ ಸ್ಪೀಕರ್ ಇಡಿ.

ಹೊಳಪು ಹೆಚ್ಚಾದರೂ ತೆಳುವೇ

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಬೇಸ್ ಸರಿಯಿದ್ದು ಟ್ರೆಬಲ್ ಅತಿಯಾದರೂ ಕಿವಿಗೆ ಸದ್ದು ತೆಳುವೇ. ಬೋಳು ಕೋಣೆಯ ಮಾರ್ದನಿ ಹಾಗೆ ಮಾಡುತ್ತದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೋಣೆಯಲ್ಲಿ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡು ಕಾಲ ಮಾರ್ದನಿಸುತ್ತಿತ್ತು. ದುರಸ್ತಿಯ ಹೊಣೆ ಬಿದ್ದದ್ದು ವಾಲೇಸ್ ಸಬೀನ್ ಎಂಬ ಯುವ ಭೌತವಿಜ್ಞಾನ ಅಧ್ಯಾಪಕರ ಮೇಲೆ. ಅವರು ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದಿಷ್ಟಿಷ್ಟೇ ಹಾಸುತ್ತ, ಆರ್ಗನ್ ಕೊಳವೆಯ ಸದ್ದು ಅಡಗಲು ಎಷ್ಟು ಹೊತ್ತಾಗುತ್ತದೆಂದು ಅಳೆದರು. ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಮಾರ್ದನಿಯ ಅವಧಿ ಸಿಗುತ್ತದೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಲೆಕ್ಕದ ಮೇಲೆ ಎದ್ದದ್ದು.

ಅದೇ ಲೆಕ್ಕ ನಮ್ಮ ಹಾಲಿಗೂ ಅನ್ವಯಿಸುತ್ತದೆ. 3 ಮೀಟರ್ ಅಗಲ, 3.6 ಮೀಟರ್ ಉದ್ದ, 3 ಮೀಟರ್ ಎತ್ತರದ, ಟೈಲ್ಸ್ ಹಾಕಿದ ಖಾಲಿ ಕೋಣೆಯ ಗಾತ್ರ ಸುಮಾರು 32 ಘನ ಮೀಟರ್. ಗೋಡೆ, ನೆಲ, ಚಾವಣಿಯ 61 ಚದರ ಮೀಟರ್ ಮೇಲ್ಮೈ ತನ್ನ ಮೇಲೆ ಬಿದ್ದ ಸದ್ದಿನ ನೂರರಲ್ಲಿ ಮೂರು ಪಾಲನ್ನು ಹೀರಿಕೊಳ್ಳುತ್ತದೆ ಎಂದಿಟ್ಟುಕೊಂಡರೆ ಮಾರ್ದನಿ ಸುಮಾರು 2.8 ಸೆಕೆಂಡು. ಸೋಫಾ, ಹಾಸಿಗೆ, ದಪ್ಪ ಪರದೆ ಸೇರಿ 10 ಚದರ ಮೀಟರ್‌ನಷ್ಟು ಹೀರಿಕೆ ಬಂದರೆ ಅದು ಅರ್ಧ ಸೆಕೆಂಡಿಗಿಂತ ಕೆಳಗಿಳಿಯುತ್ತದೆ.

ಆದರೆ ಏನು ಹಾಸುತ್ತೀರಿ ಎಂಬುದು ಮುಖ್ಯ. ನಾರಿನ ವಸ್ತು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ಅಲೆಯ ಕಾಲುಭಾಗಕ್ಕೆ ಹತ್ತಿರವಿರಬೇಕು. 100 ಹರ್ಟ್ಸ್‌ಗೆ ಅದು 86 ಸೆಂಟಿಮೀಟರ್! ನವಲಗುಂದದ ಜಮಖಾನ ಎಷ್ಟೇ ಸೊಗಸಾಗಿದ್ದರೂ ಅದು ಹೀರುವುದು ಮೇಲಿನ ಸ್ವರಗಳನ್ನು ಮಾತ್ರ. ಸ್ಪೀಕರಿಗೂ ನಿಮಗೂ ನಡುವಿನ ನೆಲದಲ್ಲಿ ಒಂದನ್ನು ಹಾಸಿದರೆ ಕರ್ಕಶತೆ ಇಳಿಯುತ್ತದೆ. ಗೋಡೆಗೋಡೆಗೂ ಬಟ್ಟೆ ತೂಗಿಬಿಟ್ಟರೆ ತಂಬೂರಿಯ ಜವಾರಿಯೂ ತಾಳದ ಝಣಕೂ ಸತ್ತು, ತೆಳುವಾಗಿದ್ದ ಸದ್ದು ಸಪ್ಪೆಯಾಗುತ್ತದೆ. ತೆಳು ಮತ್ತು ಸಪ್ಪೆ ಎರಡು ಬೇರೆ ಕಾಯಿಲೆಗಳು. ಒಂದರ ಮದ್ದು ಇನ್ನೊಂದಕ್ಕೆ ವಿಷ. ದಪ್ಪ ಹತ್ತಿ ಹಾಸಿಗೆ, ತುಂಬಿದ ಸೋಫಾ, ಪುಸ್ತಕದ ಕಪಾಟು ಉತ್ತಮ. ಮೊಟ್ಟೆಯ ಟ್ರೇ, ಥರ್ಮೊಕೋಲ್ ಹಚ್ಚಿ ಪ್ರಯೋಜನವಿಲ್ಲ.

ಸಣ್ಣ ಸದ್ದಿಗೆ ಕಿವಿ ಮಂದ

ಅಂಗಡಿಯಲ್ಲಿ ತುಂಬುದನಿಯಲ್ಲಿ ಹಾಡಿದ ಸೆಟ್ಟು ಮನೆಯಲ್ಲಿ, ಅದೂ ಮಕ್ಕಳು ಮಲಗಿದ ಮೇಲೆ, ಬಡಕಲಾಗಿ ಕೇಳುವುದಕ್ಕೆ ಕೊನೆಯ ಕಾರಣ ಕಿವಿಯೇ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಬೇರೆಬೇರೆ ಸ್ವರಗಳು ಒಂದೇ ಗಟ್ಟಿತನದಲ್ಲಿ ಕೇಳಬೇಕಾದರೆ ಎಷ್ಟೆಷ್ಟು ಒತ್ತಡ ಬೇಕೆಂದು ಅಳೆದರು. ಇಂದಿನ ಅಂತರರಾಷ್ಟ್ರೀಯ ಮಾನಕದ ಪ್ರಕಾರ, 1,000 ಹರ್ಟ್ಸ್‌ನ 40 ಡೆಸಿಬೆಲ್ ಸದ್ದಿಗೆ ಸಮನಾಗಿ ಕೇಳಬೇಕಾದರೆ 100 ಹರ್ಟ್ಸ್‌ನ ಸದ್ದು ಸುಮಾರು 64 ಡೆಸಿಬೆಲ್ ಇರಬೇಕು. ವ್ಯತ್ಯಾಸ 24 ಡೆಸಿಬೆಲ್. 80 ಡೆಸಿಬೆಲ್‌ನ ಗಟ್ಟಿ ಸದ್ದಿನಲ್ಲಿ ಆ ವ್ಯತ್ಯಾಸ ಅರ್ಧಕ್ಕೆ ಇಳಿಯುತ್ತದೆ. ಅಂದರೆ ವಾಲ್ಯೂಮ್ ಇಳಿಸಿದಾಗ ಕಿವಿ ಬೇಸನ್ನು ಎಲ್ಲಕ್ಕಿಂತ ಮೊದಲು ಕೈಬಿಡುತ್ತದೆ. ಹಳೆಯ ಆಂಪ್ಲಿಫೈಯರುಗಳ ‘ಲೌಡ್‌ನೆಸ್’ ಗುಂಡಿ ಇರುವುದು ಈ ನಷ್ಟವನ್ನು ತುಂಬಲಿಕ್ಕೆ. ಸಣ್ಣ ಸದ್ದಿನಲ್ಲಿ ಅದನ್ನು ಒತ್ತುವುದು, ಬೇಸ್ ತಿರುಗಣೆಯನ್ನು ಏರಿಸುವುದು ಅಪಚಾರವೇನಲ್ಲ. ಎರಡು ಸೆಟ್ಟುಗಳನ್ನು ಹೋಲಿಸುವಾಗ ಮಾತ್ರ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಇಲ್ಲವಾದರೆ ಗಟ್ಟಿಯಾಗಿ ಹಾಡಿದ್ದೇ ಗೆಲ್ಲುತ್ತದೆ.

ಹಣ ಬಿಚ್ಚುವ ಸರದಿ

ಇಷ್ಟೆಲ್ಲ ನೋಡಿದ ಮೇಲೂ ತಂಬೂರಿಯ ಖರ್ಜ ಬಡವಾಗಿಯೇ ಉಳಿದರೆ, ಆಗ ಬೇಸ್ ನಿಜಕ್ಕೂ ಹುಟ್ಟುತ್ತಿಲ್ಲ. ಅದೇ ಗಟ್ಟಿತನ ಉಳಿಸಿಕೊಂಡು ಒಂದು ಸ್ಥಾಯಿ ಕೆಳಗಿಳಿಯಲು ಶಂಕು ನಾಲ್ಕರಷ್ಟು ಗಾಳಿಯನ್ನು ತಳ್ಳಬೇಕು. 100 ಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರ್ ಆಡುವ ಶಂಕು 50ರಲ್ಲಿ ನಾಲ್ಕು, 25ರಲ್ಲಿ ಹದಿನಾರು ಮಿಲಿಮೀಟರ್ ಆಡಬೇಕಾಗುತ್ತದೆ. ನಾಲ್ಕಿಂಚಿನ ವೂಫರಿಗೆ ಅದು ಆಗದ ಮಾತು. ಆಂಪ್ಲಿಫೈಯರಿನ ವ್ಯಾಟ್ ಇಮ್ಮಡಿಸಿದರೆ ದಕ್ಕುವುದು 3 ಡೆಸಿಬೆಲ್ ಮಾತ್ರ, ಅದೂ ಶಂಕಿಗೆ ಆಡಲು ಜಾಗವಿದ್ದರೆ. ಐದಿಂಚಿನ ವೂಫರಿನ ಬದಲು ಹತ್ತಿಂಚಿನದು ಬಂದರೆ ಮೇಲ್ಮೈ ನಾಲ್ಕರಷ್ಟಾಗಿ, ಅಷ್ಟೇ ಆಟದಲ್ಲಿ ಪೂರ್ತಿ ಒಂದು ಸ್ಥಾಯಿ ಕೆಳಗಿನ ಸ್ವರ ಕೈಗೆಟುಕುತ್ತದೆ.

ಆದ್ದರಿಂದ ಅಂಗಡಿಗೆ ಹೋದಾಗ ವ್ಯಾಟಿನ ಅಂಕಿ ನೋಡಿ ಮರುಳಾಗಬೇಡಿ. ಶಂಕಿನ ಅಗಲ ಕೇಳಿ. ಸಬ್‌ವೂಫರ್ ಕೊಂಡರೆ ಅದರ ಬೆನ್ನಿಗೆ 0 ಮತ್ತು 180 ಎಂದು ಬರೆದ ‘ಫೇಸ್’ ಸ್ವಿಚ್ಚು ಇರುತ್ತದೆ. ಸಬ್‌ವೂಫರ್ ಮತ್ತು ಸ್ಪೀಕರ್ ಎರಡೂ ನುಡಿಸುವ 80 ಹರ್ಟ್ಸ್ ಆಸುಪಾಸಿನಲ್ಲಿ ಅವು ಕೂಡುತ್ತವೋ ಕಳೆಯುತ್ತವೋ ಎಂಬುದನ್ನು ತೀರ್ಮಾನಿಸುವುದು ಅದು. ನೀವು ಕುರ್ಚಿಯಲ್ಲಿ ಕೂತು, ಮನೆಯವರೊಬ್ಬರಿಗೆ ಸ್ವಿಚ್ಚು ಅತ್ತಿತ್ತ ಮಾಡಲು ಹೇಳಿ. ಯಾವ ಕಡೆ ಸದ್ದು ತುಂಬಿ ಬರುತ್ತದೋ ಅದೇ ನಿಮ್ಮ ಮನೆಯ ಮಟ್ಟಿಗೆ ಸರಿ. ಕೈಪಿಡಿ ಬೇರೆ ಹೇಳಿದರೂ ಕಿವಿಯ ಮಾತನ್ನೇ ನಂಬಿ.